ಮಂಡಿಪೇಟೆ ಮಹಡಿಯಲ್ಲಿ ಅಮೆರಿಕದ ಗಡಿಯಾರ!

ದಾವಣಗೆರೆ, ಮಂಡಿಪೇಟೆ: ಆ ಕಿರಾಣಿ ಅಂಗಡಿಯ ಶಟರ್ ರಾತ್ರಿ 9ಕ್ಕೆ ಇಳಿಯುತ್ತದೆ. ಮಹಡಿ ಕೋಣೆಯ ದೀಪ ಮಾತ್ರ ಆರುವುದಿಲ್ಲ. "ಸಾವ್ಕಾರ್ರ ಮಗ ಬೆಳಗ್ಗೆ ಎದ್ದು ಬೀದಿ ಬೀದಿ ಫೋಟೋ ಹೊಡೀತಾನೆ. ರಾತ್ರಿಯೆಲ್ಲ ಕಂಪ್ಯೂಟರ್ ನೋಡ್ತಾನೆ. ಕೆಲಸ ಯಾವಾಗ ಮಾಡ್ತಾನೋ!" ಅಂತ ಅಕ್ಕಪಕ್ಕದವರ ಮಾತು. ನೋಡೇ ಬಿಡೋಣ ಅಂತ ಮೊನ್ನೆ ಈ ವರದಿಗಾರ ಮೆಟ್ಟಿಲು ಹತ್ತಿದ.

ಹುಡುಗನಿಗೆ 29 ವರ್ಷ. ಸಾಫ್ಟ್‌ವೇರ್ ಡೆವಲಪರ್. ಹೆಸರು ಹಾಕಬೇಡಿ ಎಂದ, ಹಾಕಿಲ್ಲ. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿಂದ ಬಂದವನು, ಕಂಪನಿ ಒಪ್ಪಿದ್ದರಿಂದ ಇಲ್ಲೇ ಉಳಿದ.

ಕೆಲಸ ಶುರುವಾಗುವುದು ಮಧ್ಯಾಹ್ನ 2ಕ್ಕೆ. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಆದಾಗ ನಮಗೆ ಸಂಜೆ ಆರೂವರೆ. ಚಳಿಗಾಲಕ್ಕೆ ಅವರು ಗಡಿಯಾರ ಹಿಂದಿಟ್ಟರೆ ಏಳೂವರೆ. "ಅಲ್ಲಿ ಮುಳ್ಳು ತಿರುಗಿಸಿದ್ರೆ ಇಲ್ಲಿ ನನ್ನ ಊಟ ಒಂದು ಗಂಟೆ ಮುಂದಕ್ಕೆ ಹೋಗುತ್ತೆ ಸಾರ್" ಎಂದು ನಕ್ಕ. ಪಾಳಿ ಬಂದ ವಾರ ನಡುರಾತ್ರಿ 3ಕ್ಕೂ ಫೋನ್ ಬಡಿದುಕೊಳ್ಳುತ್ತದಂತೆ.

ಮಾಡುವುದೇನು? ಒಂದು ಸಾಲು ಬರೆಯಲು ಹತ್ತು ನಿಮಿಷ, ಅದರ ತಪ್ಪು ಹುಡುಕಲು ಎರಡು ದಿನ! ಯಾರು, ಯಾವಾಗ, ಯಾವ ಸಾಲು ತಿದ್ದಿದರು ಎಂಬುದೆಲ್ಲ 'ಗಿಟ್' ಎಂಬುದರಲ್ಲಿ ದಾಖಲು. ಅದನ್ನು 2005ರಲ್ಲಿ ಮಾಡಿದವರು ಲೈನಕ್ಸ್ ಖ್ಯಾತಿಯ ಲೀನಸ್ ಟೊರ್ವಾಲ್ಡ್ಸ್. "ಅಂದ್ರೆ ನಮ್ಮ ಕಿರ್ದಿ ಪುಸ್ತಕ ಬಿಡು" ಎಂದರು ಕೆಳಗಿನಿಂದ ಕಾಫಿ ತಂದ ಅಪ್ಪ.

ಇನ್ನು ಫೋಟೋ ವಿಚಾರ. ಬೆಳಗ್ಗೆ 7ರಿಂದ 8, ಒಂದೇ ಗಂಟೆ ಅವನ ಸ್ವಂತದ್ದು. ಕುಂಚದಲ್ಲಿ ಬರೆದ ಹಳೇ ಅಂಗಡಿ ಬೋರ್ಡುಗಳನ್ನು ಹುಡುಕಿ, ಫೋಟೋ ತೆಗೆದು, ಇನ್‌ಸ್ಟಾಗ್ರಾಮಿಗೆ ಹಾಕುತ್ತಾನೆ. ಅಕ್ಷರಕ್ಕೆ ನೆರಳು ಯಾವ ಕಡೆ ಕೊಟ್ಟಿದ್ದಾರೆ, ಒತ್ತಕ್ಷರ ಹೇಗೆ ಬಳುಕಿದೆ ಅಂತ ಕೆಳಗೆ ಎರಡು ಸಾಲು. "ದಿನಕ್ಕೆ ನಾನು ಕನ್ನಡ ಬರೆಯೋದು ಇಷ್ಟೇ" ಎಂದ.

2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ ಎಂಬ ಕಾನೂನು ಬಂತಲ್ಲ? ಆ ಗಡಿಬಿಡಿಯಲ್ಲಿ ಪೂರ್ತಿ ಕನ್ನಡದಲ್ಲೇ ಇದ್ದ ಪೇಂಟಿನ ಬೋರ್ಡೂ ಇಳಿದು, ಫ್ಲೆಕ್ಸ್ ಏರಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಒಬ್ಬ ಟೈಲರ್ ತಮ್ಮ ಬೋರ್ಡನ್ನು ಗುಜರಿಗೆ ಎತ್ತಿಟ್ಟಿದ್ದರು. ಇವನ ಫೋಟೋ ನೋಡಿ ಹಳೇ ಗಿರಾಕಿಗಳು ಫೋನ್ ಮಾಡಿದ ಮೇಲೆ ಒಳಗೋಡೆಗೆ ಹೊಡೆಸಿದ್ದಾರೆ.

ಈ ಒಂದು ಗಂಟೆಗೇ ಈಗ ಕುತ್ತು. ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದ್ದು ನೆನಪಿದೆಯಲ್ಲ? ಅಂಗಡಿಯ ಆಳಿಗೂ ಸಾಫ್ಟ್‌ವೇರ್ ನೌಕರನಿಗೂ ಒಂದೇ ಕಾಯ್ದೆ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದು ಬರೆದದ್ದು ದಿನಕ್ಕೆ 9, ವಾರಕ್ಕೆ 48 ಗಂಟೆ. ಓವರ್‌ಟೈಂ ಸೇರಿ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಎಂಬ ಪ್ರಸ್ತಾಪ 2025ರ ಜೂನ್‌ನಲ್ಲಿ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು.

"ನಾವು 14 ಗಂಟೆ ಕೂರಲ್ವೇ?" ಅನ್ನಬಹುದು ನೀವು. ಅದನ್ನೇ ಸಾವ್ಕಾರ್ರನ್ನು ಕೇಳಿದೆವು.

"ಕೂರ್ತೀನಿ ಸ್ವಾಮಿ. ಆದ್ರೆ ನನ್ನ ಗಲ್ಲಾ ನಂದು. ಅವನು ಕೂರೋದು ಯಾರ ಗಲ್ಲಾಕ್ಕೆ?"

ಉತ್ತರ ನಮ್ಮಲ್ಲಿರಲಿಲ್ಲ. ಓದುಗರೇ, ಹಳೇ ಬೋರ್ಡ್ ಇಳಿಸುವುದಿದ್ದರೆ ಬೆಳಗ್ಗೆ 8ರೊಳಗೆ ಅಂಗಡಿಗೆ ಹೇಳಿ ಕಳಿಸಿ. ಮಧ್ಯಾಹ್ನ 2 ಹೊಡೆದ ಮೇಲೆ ಹುಡುಗ ಅಮೆರಿಕದ ಲೆಕ್ಕ!