ಕಳಸದ ಬಸ್ಸಿನ ಕಿಟಕಿ

ಬೆಳಗ್ಗೆ ಆರೂವರೆಯ ಹೊತ್ತಿಗೆ ಬಿಕರ್ನಕಟ್ಟೆಯ ಕೈಕಂಬದಲ್ಲಿ ನಿಂತರೆ ಮೊದಲು ಮೂಗಿಗೆ ತಾಗುವುದು ಹೆದ್ದಾರಿಯ ಕೆಂಪು ಧೂಳು. ಅದರ ಬೆನ್ನಿಗೇ ಹೋಟೆಲಿನ ಬಾಣಲೆಯಿಂದ ಏಳುವ ಬನ್ಸಿನ ಪರಿಮಳ. ಗೂಡಂಗಡಿಯ ಟಾರ್ಪಾಲಿನ ಮೇಲೆ ರಾತ್ರಿಯ ಮಂಜು ಇನ್ನೂ ಹನಿಹನಿಯಾಗಿ ನಿಂತಿದೆ. ಜನವರಿ 14ರ ಬಾಲಯೇಸುವಿನ ಹಬ್ಬ ಮುಗಿದು ವಾರಗಳಾದರೂ ಮೇಣದಬತ್ತಿಯ ಪೊಟ್ಟಣ ಹಿಡಿದು ಕಾರ್ಮೆಲ್ ಗುಡ್ಡ ಹತ್ತುವವರು ಕಡಿಮೆಯಾಗಿಲ್ಲ. ಕುಲಶೇಖರದ ಡೈರಿಯಿಂದ ಬಂದ ವ್ಯಾನು ಹಾಲಿನ ಕ್ರೇಟುಗಳನ್ನು ದಡದಡನೆ ಇಳಿಸುತ್ತದೆ, ಮೀನಿನ ಟೆಂಪೋ ಮಂಜುಗಡ್ಡೆಯ ನೀರು ಚೆಲ್ಲುತ್ತಾ ಗುರುಪುರದ ಕಡೆಗೆ ಓಡುತ್ತದೆ, ಶಾಲೆಯ ಮಕ್ಕಳು ಇನ್ನೂ ಬಂದಿಲ್ಲ, ರಿಕ್ಷಾದವರು ಪತ್ರಿಕೆಯ ಒಂದೊಂದು ಹಾಳೆ ಹಂಚಿಕೊಂಡು ಓದುತ್ತಿದ್ದಾರೆ.

ಅಷ್ಟರಲ್ಲಿ ಸಿಳ್ಳೆ. ನಂತೂರಿನ ಕಡೆಯಿಂದ ಬಂದ ಬಸ್ಸಿನ ಬಾಗಿಲಲ್ಲಿ ಅರ್ಧ ಮೈ ಹೊರಗಿಟ್ಟು ನಿಂತ ಕಂಡಕ್ಟರು, ‘ವಾಮಂಜೂರು, ಬೆದ್ರ, ಕಾರ್ಲ, ಕಳಸ’ ಎಂದು ಒಂದೇ ಉಸಿರಿನಲ್ಲಿ ಕೂಗಿ, ನಾವು ಹತ್ತಿದ್ದೇ ತಡ, ತಗಡಿಗೆ ಎರಡು ಬಾರಿ ಬಡಿದು ‘ಪೋಯಿ’ ಎಂದ. ಕಿಟಕಿಯ ಪಕ್ಕದ ಸೀಟು ನಿಮಗಿರಲಿ. ಇವತ್ತು ನೋಡುವುದು ತುಂಬಾ ಇದೆ.

ಈ ಬಸ್ಸು ಹತ್ತಲು ಕಾರಣವಾದವನು ನಮ್ಮ ಓಣಿಯ ಒಬ್ಬ ಹುಡುಗ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಲೆಕ್ಕಪತ್ರದ ಕೆಲಸ. ರಜೆಗೆ ಬಂದವನು ಜಗಲಿಯಲ್ಲಿ ಕೂತು ಸೆರೆಂಗೆಟಿಯ ವಿಡಿಯೋ ತೋರಿಸಿದ. ಆಕಾಶ ಮುಟ್ಟುವ ತನಕ ಒಣಹುಲ್ಲು, ಮಾಡು ತೆರೆದ ಜೀಪು, ಜೀಪಿನ ಗಾಲಿಗೆ ಬೆನ್ನು ತಾಗಿಸಿ ನೆರಳಿಗೆ ಮಲಗಿದ ಸಿಂಹ. ಹಿಂದೆಯೇ ಮಾರಾ ನದಿಯ ದಂಡೆಯಲ್ಲಿ ನೂಕುನುಗ್ಗಲಾಗಿ ನಿಂತ ವೈಲ್ಡ್‌ಬೀಸ್ಟ್‌ಗಳ ಹಿಂಡು, ಒಂದು ಧುಮುಕಿದ್ದೇ ಸಾವಿರ ಧುಮುಕುವ ಆ ಗದ್ದಲ. ‘ನಮ್ಮಲ್ಲಿ ಇಂಥದ್ದು ಎಲ್ಲುಂಟು ಮಾಮ?’ ಎಂದು ಕೇಳಿದ. ಕೇಳಿದ್ದು ಪ್ರೀತಿಯಿಂದಲೇ. ಮನೆಯ ಮುಂದಿನ ಹೆದ್ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಕುಲಶೇಖರ ದಾಟುತ್ತಿದ್ದಂತೆ ಎರಡೂ ಕಡೆ ಗುಡ್ಡ ಕಡಿದ ಹಸಿ ಗೋಡೆಗಳು. ಮುರಕಲ್ಲಿನ ಒಡಲು ಬಿಸಿಲಿಗೆ ತೆರೆದುಕೊಂಡು ಕೆಂಪಗೆ ಹೊಳೆಯುತ್ತದೆ; ಟಿಪ್ಪರುಗಳು ಸಾಲಾಗಿ ನಿಂತು ಮಣ್ಣು ತುಂಬಿಸಿಕೊಳ್ಳುತ್ತವೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಸುಮಾರು 45 ಕಿಲೋಮೀಟರ್ ಚತುಷ್ಪಥ ಮಾಡುವ ಕೆಲಸ ಇದು, ರಾಷ್ಟ್ರೀಯ ಹೆದ್ದಾರಿ 169ರದ್ದು. ವಾಮಂಜೂರಿನಲ್ಲಿ ಬಸ್ಸು ನಿಂತಾಗ ಪಿಲಿಕುಳಕ್ಕೆ ಹೋಗುವ ಅಪ್ಪ, ಅಮ್ಮ, ಎರಡು ಮಕ್ಕಳ ಒಂದು ಸಂಸಾರ ಇಳಿಯಿತು. ಮಕ್ಕಳಿಗೆ ಹುಲಿ ನೋಡುವ ಆತುರ. ಆ ನಿಸರ್ಗಧಾಮಕ್ಕೆ ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. ಇದೇ ದಾರಿಯ ಮೇಲ್ತುದಿಯ ಕಾಡಿನೊಂದಿಗೆ ಅವರ ಮಗನ ಹೆಸರು ಬೆಸೆದುಕೊಂಡಿದೆ. ಅಲ್ಲಿಗೆ ಹೋದಾಗ ಹೇಳುತ್ತೇನೆ.

ಗುರುಪುರದ ಸೇತುವೆಯ ಮೇಲೆ ಗಾಳಿ ತಂಪಾಯಿತು. ಕೆಳಗೆ ಫಲ್ಗುಣಿ ತೆಳ್ಳಗೆ ಹರಿಯುತ್ತಿದ್ದಾಳೆ. ನಮ್ಮ ಮುಂದೆ ಗೋಣಿಚೀಲ ಹೇರಿದ ಲಾರಿಯೊಂದು ಏದುಸಿರು ಬಿಡುತ್ತಾ ಏರುತ್ತಿದೆ. ಚೀಲಗಳಿಂದ ಬರುವ ಒಗರು ವಾಸನೆಯಲ್ಲೇ ಗೊತ್ತಾಗುತ್ತದೆ, ಹಸಿ ಗೇರುಬೀಜ. ನಮ್ಮ ಗುಡ್ಡಗಳ ಬೆಳೆ ಇಲ್ಲಿನ ಕಾರ್ಖಾನೆಗಳಿಗೆ ಸಾಲುವುದಿಲ್ಲ. ಟಾಂಜಾನಿಯಾ, ಮೊಜಾಂಬಿಕ್‌ನಂಥ ದೇಶಗಳ ಬೀಜ ಹಡಗಿನಲ್ಲಿ ಬಂದು ಪಣಂಬೂರಿನಲ್ಲಿ ಇಳಿದು, ಕಾರ್ಕಳದ ಕಡೆಯ ಹೆಂಗಸರ ಕೈಯಲ್ಲಿ ಸಿಪ್ಪೆ ಬಿಡಿಸಿಕೊಳ್ಳುತ್ತದೆ. ಇಲ್ಲಿಂದ ಅಲ್ಲಿಗೆ ಹೋದದ್ದೂ ಉಂಟು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕೆಂಪು ಹಂಚು ಪೂರ್ವ ಆಫ್ರಿಕಾದ ಕರಾವಳಿಯ ಮಾಡುಗಳನ್ನು ಹೊದ್ದಿಸಿತು. ನಡುವೆ ಸಮುದ್ರವಿದ್ದರೂ ಆ ಕರಾವಳಿ ನಮಗೆ ಎಂದೂ ಅಷ್ಟೊಂದು ದೂರವಾಗಿರಲಿಲ್ಲ.

ಇದಕ್ಕಿಂತ ಹಳೆಯ ಸಾಕ್ಷಿ ನೋಡಬೇಕೆಂದರೆ ಮೂಡುಬಿದಿರೆಯಲ್ಲಿ ಇಳಿಯಬೇಕು. ಇಳಿಯೋಣ, ಮುಂದಿನ ಬಸ್ಸು ಉಂಟು. ಸಾವಿರ ಕಂಬದ ಬಸದಿಯ ಅಂಗಳದಲ್ಲಿ ಕಲ್ಲು ಇನ್ನೂ ತಣ್ಣಗಿದೆ, ಪಾದಕ್ಕೆ ಹಿತವಾಗುತ್ತದೆ. ಚಂದನ, ಎಣ್ಣೆ, ಬಾವಲಿಯ ಹಿಕ್ಕೆ, ಹಳೆಯ ಮರ ಎಲ್ಲ ಬೆರೆತ ಒಂದು ವಾಸನೆ ಒಳಗಿನಿಂದ ಬರುತ್ತದೆ. 1430ರ ಸುಮಾರಿಗೆ ಕಟ್ಟಿದ ಬಸದಿ. ಜನ ಕಂಬಗಳ ಕೆತ್ತನೆಗೆ ಕತ್ತೆತ್ತುತ್ತಾರೆ. ನೀವು ಬಗ್ಗಿ, ಭೈರಾದೇವಿ ಮಂಟಪದ ಅಡಿಪಟ್ಟಿಕೆಯನ್ನು ನೋಡಿ. ಸೈನಿಕರು, ಆನೆ, ಕುದುರೆಗಳ ನಡುವೆ ಉದ್ದ ಕೊರಳಿನ ಒಂದು ಪ್ರಾಣಿ ನಿಂತಿದೆ. ಜಿರಾಫೆ! ಅದರ ಹತ್ತಿರದಲ್ಲೇ ಚೀನಾದ ಡ್ರ್ಯಾಗನ್ನೂ ಇದೆ. ತುಳುನಾಡಿನ ಕಾಡಿನಲ್ಲಿ ಜಿರಾಫೆ ಎಂದೂ ಓಡಾಡಿದ್ದಲ್ಲ. ಆದರೆ ಅದೇ ಶತಮಾನದಲ್ಲಿ, 1415ರಲ್ಲಿ, ಈಗಿನ ಕೀನ್ಯಾದ ಮಲಿಂದಿಯಿಂದ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದು ಕಾಣಿಕೆಯಾಗಿ ಹೋಗಿತ್ತು. ಆ ಕಾಲದ ಚೀನೀ ಹಡಗುಗಳು ನಮ್ಮ ಪಕ್ಕದ ಕಲ್ಲಿಕೋಟೆಯಲ್ಲಿ ತಂಗುತ್ತಿದ್ದವು. ಈ ಶಿಲ್ಪಿ ಪ್ರಾಣಿಯನ್ನೇ ನೋಡಿದನೋ, ನೋಡಿದವರ ಬಾಯಿಯಿಂದ ಕೇಳಿದನೋ, ನನಗಂತೂ ಎರಡನೆಯದೇ ಸರಿ ಅನಿಸುತ್ತದೆ. ವ್ಯಾಪಾರಿಯೊಬ್ಬ ಕೈಯೆತ್ತಿ ‘ಇಷ್ಟುದ್ದ’ ಎಂದು ತೋರಿಸಿರಬೇಕು. ಇವನು ಉಳಿ ಎತ್ತಿಕೊಂಡಿರಬೇಕು. ಕಾಣದ ಕಾಡಿನ ಬಗ್ಗೆ ಮನುಷ್ಯನಿಗಿರುವ ಈ ಹಂಬಲ ನನಗೆ ಬಹಳ ಇಷ್ಟ.

ಸಾಣೂರು, ಕಾರ್ಕಳ, ಬಜಗೋಳಿ ಬೇಗ ಹಿಂದಾದವು. ಬಸ್ಸಿನಲ್ಲಿ ತುಳು ಕಡಿಮೆಯಾಗಿ ಘಟ್ಟದ ಕನ್ನಡ ಹೆಚ್ಚಾಯಿತು. ಮಾಳ ದಾಟಿದ ಮೇಲೆ ಕುದುರೆಮುಖದ ಕಾಡಿಗೆ ಅರಣ್ಯ ಇಲಾಖೆಯ ಗೇಟು. ಕಾಡಿನ ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ, ಅಡುಗೆ ಮಾಡುವ ಹಾಗಿಲ್ಲ, ಪ್ಲಾಸ್ಟಿಕ್ ಎಸೆಯುವ ಹಾಗಿಲ್ಲ. ಮುಂದೆ ನಿಂತ ಕಾರಿನ ಡಿಕ್ಕಿ ತೆರೆಸಿ ನೋಡುತ್ತಿದ್ದ ಗಾರ್ಡು ನಮ್ಮ ಡ್ರೈವರಿಗೆ ಕೈಯೆತ್ತಿ ‘ಹೋಗಿ’ ಎಂದರು. ಇದೇ ಇಲ್ಲಿನ ಸಫಾರಿಯ ಬಾಗಿಲು. ಇಲ್ಲಿ ಮಾಡು ತೆರೆದ ಜೀಪೂ ಇಲ್ಲ, ವೈರ್‌ಲೆಸ್ಸಿನಲ್ಲಿ ‘ಸಿಂಹ ಇಲ್ಲಿದೆ’ ಎಂದು ಕರೆಯುವ ಗೈಡೂ ಇಲ್ಲ.

ಬಸ್ಸು ಗೇರು ಇಳಿಸಿದಂತೆ ಬೆಳಕೂ ಇಳಿಯಿತು. ಮರಗಳು ಮೇಲೆ ಕೈ ಕೈ ಹಿಡಿದುಕೊಂಡಿವೆ. ಒದ್ದೆ ಎಲೆಯ ಕೊಳೆತ ವಾಸನೆ, ಎಲ್ಲೋ ಹಣ್ಣಾದ ಹಲಸಿನಂಥ ಇನ್ನೊಂದು ವಾಸನೆ. ಜೀರುಂಡೆಗಳ ಸದ್ದು ಒಂದು ತಿರುವಿನಲ್ಲಿ ಕಿವಿ ತುಂಬುವಷ್ಟು ಏರಿ ಮುಂದಿನ ತಿರುವಿನಲ್ಲಿ ಥಟ್ಟನೆ ನಿಲ್ಲುತ್ತದೆ. ಮಂಗಟ್ಟೆಯೊಂದು ಕಣಿವೆ ದಾಟುವಾಗ ರೆಕ್ಕೆಯ ಸದ್ದು ಎಂಜಿನ್ನಿನ ಗದ್ದಲದಲ್ಲೂ ಕೇಳಿಸಿತು, ಹಕ್ಕಿ ಕಾಣಲಿಲ್ಲ. ಮಳೆಕಾಡಿನಲ್ಲಿ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು. ಕಾಟಿಗಳ ಹಿಂಡು ಹತ್ತು ಮಾರು ದೂರದಲ್ಲಿ ನಿಂತಿದ್ದರೂ ವಾಟೆಯ ಹಿಂಡು ಅಲುಗಿದ್ದಷ್ಟೇ ನಮಗೆ ದಕ್ಕೀತು.

ಹೀಗೆಯೇ ಮರೆಯಲ್ಲಿರುವ ಇನ್ನೊಂದು ಜೀವ ಈ ಕಾಡಿನಲ್ಲಿದೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಕುಚ್ಚು: ಸಿಂಗಳೀಕ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಸಿಗದ ಕೋತಿ. ನೆಲಕ್ಕಿಳಿಯುವುದು ಅಪರೂಪ, ಕೊಂಬೆಗೆ ಕೊಂಬೆ ತಾಗಿರಬೇಕು, ವರ್ಷವಿಡೀ ಒಂದಲ್ಲ ಒಂದು ಮರ ಹಣ್ಣು ಬಿಡಬೇಕು. 1980ರ ದಶಕದಲ್ಲಿ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಈ ಸಿಂಗಳೀಕಗಳ ನೆಲೆಯನ್ನು ಸಮೀಕ್ಷೆ ಮಾಡಿದರು. ಆ ಕೆಲಸದ ಆಧಾರದ ಮೇಲೆಯೇ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಹುಲಿಯೂ ಇಲ್ಲಿ ಓಡಾಡುತ್ತದೆ, ಆದರೆ ಸುಮಾರು 600 ಚದರ ಕಿಲೋಮೀಟರಿನ ಈ ಕಾಡನ್ನು ಉಳಿಸಿಕೊಟ್ಟಿದ್ದು ಒಂದು ನಾಚಿಕೆಯ ಕೋತಿ.

ಎಸ್.ಕೆ. ಬಾರ್ಡರ್ ಎಂಬ ಕವಲಿನಲ್ಲಿ ಶೃಂಗೇರಿಯ ದಾರಿ ಬಿಟ್ಟು ಬಲಕ್ಕೆ ಹೊರಳಿ, ಕಡಾಂಬಿ ಜಲಪಾತದ ಸಣ್ಣ ಸದ್ದನ್ನೂ ದಾಟಿದ ಮೇಲೆ, ಕಾಡು ಒಮ್ಮೆಗೇ ತೆರೆಯಿತು. ಕಣ್ಣು ಹಾಯುವವರೆಗೂ ಹುಲ್ಲು. ಮಳೆಗಾಲದಲ್ಲಿ ಹಸುರು ಮಖಮಲ್ಲಾಗಿದ್ದದ್ದು ಈ ಫೆಬ್ರವರಿಯಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿ, ಗಾಳಿ ಬಂದಾಗಲೆಲ್ಲ ಒಂದು ಬದಿಗೆ ಬಾಗಿ ಏಳುತ್ತದೆ. ಗುಡ್ಡಗಳ ಸಂದಿಯಲ್ಲಿ, ನೀರಿನ ಪಸೆ ಇರುವ ಕಡೆ ಮಾತ್ರ ಕಡುಹಸುರಿನ ಶೋಲಾ ಕಾಡು. ಹುಡುಗನ ಫೋನಿನಲ್ಲಿ ಕಂಡ ಬಣ್ಣ ಇದೇ ಅಲ್ಲವೇ ಎಂದು ನಿಮಗೂ ಅನಿಸಿರಬೇಕು.

ಸೆರೆಂಗೆಟಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, 14,763 ಚದರ ಕಿಲೋಮೀಟರ್. 1951ರಿಂದ ರಾಷ್ಟ್ರೀಯ ಉದ್ಯಾನ. ಹತ್ತು ಲಕ್ಷಕ್ಕೂ ಮಿಕ್ಕಿದ ವೈಲ್ಡ್‌ಬೀಸ್ಟ್‌ಗಳು ಮಳೆಯ ಬೆನ್ನು ಹತ್ತಿ ವರ್ಷವಿಡೀ ಸುತ್ತುವ ಸೀಮೆ. ಆದರೆ ಆ ಹಿಂಡು ಈಜಿ ದಾಟುವ ಮಾರಾ ನದಿ ಆ ಬಯಲಿನಲ್ಲಿ ಹುಟ್ಟಿದ್ದಲ್ಲ. ಅದರ ತವರು ಕೀನ್ಯಾದ ಮೌ ಬೆಟ್ಟಗಳ ಒದ್ದೆ ಕಾಡು. ಸಫಾರಿಯ ಜೀಪು ಅಲ್ಲಿಗೆ ಹೋಗುವುದಿಲ್ಲ, ಅಲ್ಲಿ ಸಿಂಹದ ಫೋಟೋ ಸಿಗುವುದಿಲ್ಲ. ಆ ಕಾಡನ್ನು ಕಡಿದು ಹೊಲ ಮಾಡುತ್ತಾ ಬಂದಂತೆ ಕೆಳಗೆ ಬೇಸಗೆಯಲ್ಲಿ ಮಾರಾ ಬಡವಾಗತೊಡಗಿದ್ದು ಅಲ್ಲಿಯವರಿಗೆ ಈಗ ದೊಡ್ಡ ಚಿಂತೆ. ಕುದುರೆಮುಖವನ್ನು ಸೆರೆಂಗೆಟಿಯ ಜೊತೆಗಲ್ಲ, ಈ ಮೌ ಕಾಡಿನ ಜೊತೆಗೆ ಇಟ್ಟು ನೋಡಬೇಕು ಎಂಬುದು ನನ್ನ ಎಣಿಕೆ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯನ್ನು ಈ ಹುಲ್ಲಿನ ಬೇರುಗಳು, ಈ ಶೋಲಾದ ಮೆತ್ತೆ ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಈ ಗುಡ್ಡಸಾಲಿನ ಮಕ್ಕಳು. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು, ಪಂಪಾಗಿ, ಬಿಕರ್ನಕಟ್ಟೆಯ ನಲ್ಲಿಗಳಿಗೆ ಬರುವುದು ಆ ನೇತ್ರಾವತಿಯೇ.

ಕುದುರೆಮುಖ ಪಟ್ಟಣದಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಒಂದು ಕಾಲಕ್ಕೆ ಸಿನೆಮಾ, ಶಾಲೆ, ಸಂತೆ ಎಂದು ಗಿಜಿಗುಡುತ್ತಿದ್ದ ಊರು. ಈಗ ಸಾಲುಸಾಲು ಖಾಲಿ ಕ್ವಾರ್ಟರ್ಸು, ಅಂಗಳದಲ್ಲಿ ಆಳೆತ್ತರದ ಕಳೆ. 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿ ಇಲ್ಲಿನ ಗುಡ್ಡವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿತ್ತು. ಉಳಿದ ರಾಡಿ ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತಿಗೂ ಕೂತಿದೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ಈ ಗಣಿಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕೆಲಸ ಕಳೆದುಕೊಂಡು ಮನೆ ಖಾಲಿ ಮಾಡಿದವರ ನೋವು ನಿಜವಾದದ್ದು, ಆ ಮುಚ್ಚಿದ ಬಾಗಿಲುಗಳ ಮುಂದೆ ನಿಂತರೆ ಎದೆ ಭಾರವಾಗುತ್ತದೆ. ಆದರೂ ಗಣಿ ನಿಂತದ್ದು ಸರಿಯೆಂದೇ ನಾನು ನಂಬಿದ್ದೇನೆ. ಭದ್ರೆಯ ನೀರು ಕೆಂಪಾಗಿ ಹರಿಯುತ್ತಿದ್ದ ಮಳೆಗಾಲಗಳನ್ನು ಕಳಸದವರು ಮರೆತಿಲ್ಲ.

ಚಹಾದ ಅಂಗಡಿಯಲ್ಲಿ ಖಾಕಿ ಅಂಗಿಯ ನಾಲ್ವರು ಬೆಂಚಿನ ಮೇಲೆ ಕೂತಿದ್ದರು. ಕೈಕಾಲಿಗೆಲ್ಲ ಬೂದಿ, ಸೊಂಟದಲ್ಲಿ ಕತ್ತಿ, ಗೋಡೆಗೆ ಒರಗಿಸಿಟ್ಟ ಬಾಡಿದ ಸೊಪ್ಪಿನ ಗೆಲ್ಲುಗಳು. ಬೆಂಕಿ ಕಾಯುವ ವಾಚರುಗಳು. ಈಗ ಅವರಿಗೆ ಬೆಂಕಿರೇಖೆಯ ಕೆಲಸ: ರಸ್ತೆಯ ಎರಡೂ ಬದಿ ಪಟ್ಟಿಯಾಗಿ ಹುಲ್ಲು ಸವರಬೇಕು, ಒಣಗಲು ಬಿಡಬೇಕು, ಆಮೇಲೆ ಇಬ್ಬನಿ ಆರುವ ಮುಂಚಿನ ತಂಪಿನಲ್ಲಿ ತಾವೇ ಕಿಚ್ಚಿಟ್ಟು, ಅಂಚು ದಾಟದ ಹಾಗೆ ಸೊಪ್ಪಿನಿಂದ ಬಡಿಯುತ್ತಾ ಬರಬೇಕು. ಒಬ್ಬರು ಹಚ್ಚುತ್ತಾ ಮುಂದೆ, ಮೂವರು ಬಡಿಯುತ್ತಾ ಹಿಂದೆ. ಸುಟ್ಟ ಆ ಪಟ್ಟಿ ಇದ್ದರೆ ಏಪ್ರಿಲಿನಲ್ಲಿ ಯಾರೋ ಎಸೆದ ಬೀಡಿಯ ಬೆಂಕಿ ಗುಡ್ಡ ಹತ್ತಲಾರದು, ಶೋಲಾದ ಅಂಚಿನ ಎಳೆಗಿಡಗಳನ್ನು ತಿನ್ನಲಾರದು.

‘ಪ್ರಾಣಿ ಗೀಣಿ ಕಾಣ್ತದಾ ಅಣ್ಣ?’ ಎಂದೆ.

‘ನಮಗೆ ಕಾಣ್ತದೆ. ನಿನ್ನೆ ಕಡವೆ ಇತ್ತು, ಮೊನ್ನೆ ಕಾಟಿ,’ ಎಂದರು ಹಿರಿಯರು. ‘ನೀವು ಎಲ್ಲಿಯವರು?’

‘ಮಂಗಳೂರು, ಬಿಕರ್ನಕಟ್ಟೆ.’

‘ಮೇ ತಿಂಗಳಲ್ಲಿ ತುಂಬೆ ಡ್ಯಾಮಲ್ಲಿ ನೀರಿಲ್ಲ ಅಂತ ಪೇಪರಲ್ಲಿ ಬರ್ತದಲ್ಲ, ಅಲ್ಲಿಯವರಾ?’

ಹೌದೆಂದೆ. ಅವರು ಗ್ಲಾಸಿನ ತಳದ ಚಹಾ ಮುಗಿಸಿ, ಹನ್ನೊಂದಾದರೆ ಗಾಳಿ ಏಳುತ್ತದೆ, ಇನ್ನೂ ಅರ್ಧ ಮೈಲಿ ಉಳಿದಿದೆ ಎಂದು ಹೇಳುತ್ತಾ ಎದ್ದರು. ಉಳಿದ ಮೂವರು ಬಾಡಿದ ಗೆಲ್ಲುಗಳನ್ನು ಅಲ್ಲೇ ಬಿಟ್ಟು, ಹಸಿ ಸೊಪ್ಪು ಕಡಿದುಕೊಳ್ಳಲು ಮುಂದೆ ನಡೆದರು.