ತೇವದಲ್ಲೇ ಗಟ್ಟಿಯಾಗುವ ಹಲ್ಲಿನ ಸಿಮೆಂಟು

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಕೆಲಸ: ಹಲ್ಲಿನೊಳಗಿನ ಕೊಳೆತ ತಿರುಳನ್ನು ತೆಗೆದು ಬೇರಿನ ನಾಳವನ್ನು ಶುಚಿಗೊಳಿಸುವುದು, ಬ್ಯಾಕ್ಟೀರಿಯಾ ಮತ್ತೆ ನುಸುಳದಂತೆ ಅದನ್ನು ಮುಚ್ಚುವುದು. ಮುಚ್ಚಲು ಬಳಸುವುದು ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಕಡ್ಡಿ. ಕಡ್ಡಿಗೂ ನಾಳದ ಗೋಡೆಗೂ ನಡುವಿನ ಸಂದು ತುಂಬಲು ಸೀಲರ್ ಬೇಕು. ತೊಡಕಿರುವುದು ಅಲ್ಲಿಯೇ. ಸತು ಆಕ್ಸೈಡ್ ಆಧಾರದ ಹಳೆಯ ಸೀಲರ್‌ಗಳು ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತವೆ. ನಾಳವನ್ನು ಎಷ್ಟೇ ಒಣಗಿಸಿದರೂ ಸ್ವಲ್ಪ ತೇವ ಉಳಿದೇ ಇರುತ್ತದೆ.

ಬಯೋಸೆರಾಮಿಕ್ ಎಂಬ ಬಗೆಯ ಸಿಮೆಂಟಿಗೆ ಗಟ್ಟಿಯಾಗಲು ಆ ತೇವವೇ ಬೇಕು. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ 1990ರ ದಶಕದಲ್ಲಿ ರೂಪಿಸಿದ ಎಂಟಿಎ ಎಂಬ ಸಿಮೆಂಟು ಇದಕ್ಕೆ ದಾರಿ ತೆರೆಯಿತು. ಅದರ ಮೂಲ, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟು! ಅದನ್ನು ಶುದ್ಧೀಕರಿಸಿ, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದ್ದರು.

ಇದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟ್ ನೀರಿನೊಡನೆ ಸೇರಿ ಗಟ್ಟಿಯಾಗುತ್ತಾ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುಗಡೆ ಮಾಡುತ್ತದೆ. ಪಿಎಚ್ ಸುಮಾರು 12ಕ್ಕೇರುತ್ತದೆ. ಅಷ್ಟು ಕ್ಷಾರದಲ್ಲಿ ಬಹುತೇಕ ಬ್ಯಾಕ್ಟೀರಿಯಾ ಬದುಕಲಾರವು. ಹೊರಬಂದ ಕ್ಯಾಲ್ಸಿಯಂ, ದೇಹದ್ರವದ ಫಾಸ್ಫೇಟ್ ಜೊತೆ ಕೂಡಿ ಮೂಳೆ-ಹಲ್ಲುಗಳಲ್ಲಿರುವಂಥ ಖನಿಜದ ಪದರವನ್ನು ಕಟ್ಟುತ್ತದೆ. ಹಾಗಾಗಿ ದೇಹ ಇದನ್ನು ಸುಲಭವಾಗಿ ಸಹಿಸಿಕೊಳ್ಳುತ್ತದೆ.

ಇದರ ಉಪಯೋಗ ಎದ್ದು ಕಾಣುವುದು ಮಕ್ಕಳಲ್ಲಿ. ಬಿದ್ದು ಪೆಟ್ಟಾಗಿ ಮುಂಬಲ್ಲಿನ ತಿರುಳು ಸತ್ತರೆ ಬೇರಿನ ಬೆಳವಣಿಗೆ ನಿಂತು ತುದಿ ತೆರೆದೇ ಉಳಿಯುತ್ತದೆ. ಮೊದಲೆಲ್ಲ ಅದು ಮುಚ್ಚಿಕೊಳ್ಳಲೆಂದು ತಿಂಗಳುಗಟ್ಟಲೆ ಔಷಧ ಬದಲಿಸುತ್ತಿದ್ದರು. ಈಗ ಎಂಟಿಎಯಿಂದ ಒಂದೆರಡು ಭೇಟಿಯಲ್ಲೇ ತುದಿಗೆ ಬಿರಡೆ ಹಾಕಬಹುದು.

ಕುಂದುಗಳೂ ಇವೆ. ಮೊದಲ ಎಂಟಿಎ ಗಟ್ಟಿಯಾಗಲು ಎರಡೂವರೆ ಗಂಟೆಗೂ ಹೆಚ್ಚು ಬೇಕಿತ್ತು, ಹಲ್ಲಿನ ಬಣ್ಣವನ್ನೂ ಕೆಡಿಸುತ್ತಿತ್ತು. ನಂತರ ಬಂದ ಬಯೋಡೆಂಟೀನ್ ಸುಮಾರು 12 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಕಲಸಿಯೇ ಬರುವ ಸೀಲರ್‌ಗಳೂ ಸಿಗುತ್ತವೆ. ಆದರೆ ಬೆಲೆ ಹೆಚ್ಚು. ಮುಂದೆ ನಾಳವನ್ನು ಮತ್ತೆ ತೆರೆಯಬೇಕಾದರೆ ಗಟ್ಟಿಯಾದ ಬಯೋಸೆರಾಮಿಕ್ ಕೀಳುವುದು ಕಷ್ಟ.

ಯಾವ ಸೀಲರ್ ಆದರೂ ಸರಿಯಾಗಿ ಶುಚಿಯಾಗದ ನಾಳವನ್ನು ಉಳಿಸಲಾರದು. ದುಬಾರಿ ವಸ್ತು ಬಳಸಿದ್ದಾರೆಂದು ನಿಶ್ಚಿಂತರಾಗಬೇಡಿ. ವೈದ್ಯರು ಹೇಳಿದ ಕ್ಯಾಪನ್ನು ತಡಮಾಡದೆ ಹಾಕಿಸಿ, ಮರುತಪಾಸಣೆಯ ಎಕ್ಸ್‌ರೇಯನ್ನು ತಪ್ಪಿಸಬೇಡಿ.