ನಿಮಗಿದು ಗೊತ್ತೆ? ಸತ್ತ ಪ್ಲಗಿನ್‌ಗಾಗಿ ಹುಟ್ಟಿದ ಬ್ರೌಸರ್

ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ 2021ರ ಜನವರಿಯಲ್ಲಿ ತನ್ನದೇ ಒಂದು ವೆಬ್ ಬ್ರೌಸರ್ ಹೊರತಂದಿತು. ಫ್ಲ್ಯಾಶ್ ಎಂಬ ಹಳೆಯ ತಂತ್ರಜ್ಞಾನದಲ್ಲಿ ತಯಾರಾಗಿದ್ದ ತೆರಿಗೆ ಅರ್ಜಿಗಳು ತೆರೆದುಕೊಳ್ಳಲಿ ಎಂಬುದಷ್ಟೇ ಉದ್ದೇಶ. 2020ರ ಕೊನೆಗೆ ಫ್ಲ್ಯಾಶ್ ನಿಲ್ಲಿಸುತ್ತೇವೆಂದು ಅಡೋಬಿ ಕಂಪನಿ 2017ರಲ್ಲೇ ಸಾರಿತ್ತು. ಮೂರು ವರ್ಷ ಸಿಕ್ಕರೂ ಅರ್ಜಿಗಳನ್ನೆಲ್ಲ ಬದಲಿಸಿ ಮುಗಿಸದೆ ಬ್ರೌಸರನ್ನೇ ಕಟ್ಟಿದ್ದು ಸರ್ಕಾರಿ ಜಾಣತನವೇ ಸರಿ!

ಒಂದು ಕಾಲಕ್ಕೆ ವೆಬ್‌ನಲ್ಲಿ ವಿಡಿಯೊ ಓಡುತ್ತಿದ್ದುದೇ ಫ್ಲ್ಯಾಶ್, ಸಿಲ್ವರ್‌ಲೈಟ್, ಕ್ವಿಕ್‌ಟೈಮ್‌ನಂಥ ಪ್ಲಗಿನ್‌ಗಳಿಂದ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶಗಳಿಂದ. ಇವನ್ನು ಬ್ರೌಸರಿಗೆ ಜೋಡಿಸುತ್ತಿದ್ದ ಎನ್‌ಪಿಎಪಿಐ ಎಂಬ ಕೊಂಡಿ ನೆಟ್‌ಸ್ಕೇಪ್ ಕಾಲದ್ದು. ಕ್ರೋಮ್ 2015ರಲ್ಲಿ ಅದನ್ನು ಕಿತ್ತುಹಾಕಿತು. 2017ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವಕ್ಕೆ ಬಾಗಿಲು ಹಾಕಿತು. ಫೈರ್‌ಫಾಕ್ಸ್‌ನಿಂದಲೇ ಕವಲೊಡೆದ ಪೇಲ್ ಮೂನ್ ಮಾತ್ರ ಕೊಂಡಿ ಕಳಚಲಿಲ್ಲ. ಹಳೆಯ ಪ್ಲಗಿನ್ ಬಿಡಲೊಲ್ಲದವರಿಗೆ ಅದೇ ಆಸರೆ.

ಫ್ಲ್ಯಾಶ್ ವಿಷಯದಲ್ಲಿ ಬ್ರೌಸರ್ ಬದಲಿಸಿದರೂ ಸಾಲದು. ಅದರ ಕೊನೆಯ ಆವೃತ್ತಿಗಳ ಒಳಗೇ ಗಡುವು ಅಡಗಿತ್ತು. 2021ರ ಜನವರಿ 12ರಿಂದ ವಿಡಿಯೊ ಇರಬೇಕಾದ ಜಾಗದಲ್ಲಿ ಸಣ್ಣದೊಂದು ಗುರುತು ಕಾಣಿಸತೊಡಗಿತು. ಒತ್ತಿದರೆ ಅಡೋಬಿಯ ವಿದಾಯದ ಪುಟ!

ಹೀಗೆ ಹಳತನ್ನು ಅಪ್ಪಿಕೊಳ್ಳುವುದರಲ್ಲಿ ಅಪಾಯವೂ ಇದೆ. ತಯಾರಕರು ಕೈಬಿಟ್ಟ ಪ್ಲಗಿನ್‌ನ ದೋಷ ತಿದ್ದುವವರಿಲ್ಲ, ಕನ್ನ ಹಾಕುವವರಿಗೆ ಅದೇ ಬೇಕು. ವಿಂಡೋಸ್‌ನಲ್ಲಿರುವ ಕ್ವಿಕ್‌ಟೈಮ್ ತೆಗೆದುಹಾಕಿ ಎಂದು 2016ರಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆಯೇ ಎಚ್ಚರಿಸಿತ್ತು.

ಈಗ ರಫಲ್ ಎಂಬ ಉಚಿತ ತಂತ್ರಾಂಶ ಹಲವು ಫ್ಲ್ಯಾಶ್ ಕಡತಗಳನ್ನು ಪ್ಲಗಿನ್ ಇಲ್ಲದೆಯೇ, ಮಾಮೂಲಿ ಬ್ರೌಸರಿನಲ್ಲೇ ಆಡಿಸುತ್ತದೆ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ತನ್ನ ಫ್ಲ್ಯಾಶ್ ಸಂಗ್ರಹವನ್ನು ತೋರಿಸುತ್ತಿರುವುದು ಇದರಿಂದಲೇ.